ಶಾಲೆಯಲ್ಲಿ ಮಗುವಿಗೆ ವಿಶೇಷ ನೆರವು: ಬಾಯಿಮಾತು, ಪತ್ರ, ದೂರು, ಕೋರ್ಟು – ಯಾವಾಗ ಯಾವ ದಾರಿ?

"ನೋಡೋಣ ಮೇಡಂ."

ಈ ಎರಡು ಪದ ನಂಬಿಕೊಂಡು ಮಗಳ ಮೂರನೇ ತರಗತಿಯಲ್ಲಿ ಮೂರು ತಿಂಗಳು ಕಳೆದುಬಿಟ್ಟೆ. ಅವಳಿಗೆ ಡಿಸ್ಲೆಕ್ಸಿಯಾ ಇದೆ, ಅಂದರೆ ಓದಲು, ಬರೆಯಲು ಕಷ್ಟವಾಗುವ ಕಲಿಕೆಯ ತೊಂದರೆ. ಅವಳು ಬೋರ್ಡ್ ನೋಡಿ ಬರೆದುಕೊಳ್ಳುವಷ್ಟರಲ್ಲಿ ಬೋರ್ಡ್ ಒರೆಸಿ ಆಗಿರುತ್ತಿತ್ತು. ಆಗಿನ ನೋಟ್‌ಬುಕ್ಕಿನ ಒಂದು ಹಾಳೆ ಇನ್ನೂ ನನ್ನ ಫೈಲಿನಲ್ಲಿದೆ. ಏಳು ಸಾಲು ಇರಬೇಕಾದ ಕಡೆ ಎರಡೂವರೆ ಸಾಲು. ಮೂರನೇ ಸಾಲಿನ ನಡುವೆ ರಬ್ಬರ್ ಉಜ್ಜಿ ಉಜ್ಜಿ ಕಾಗದ ತೂತು ಬಿದ್ದಿದೆ. ಕೆಳಗೆ ಕೆಂಪು ಶಾಯಿಯಲ್ಲಿ "ಅಪೂರ್ಣ" ಅಂತ ಷರಾ.

ಟೀಚರ್ ಕೆಟ್ಟವರೇನಲ್ಲ. ಗೇಟಿನ ಹತ್ತಿರ ಸಿಕ್ಕಾಗಲೆಲ್ಲ ನಾನು ಹೇಳುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. ಅಷ್ಟು ಮಕ್ಕಳನ್ನು ಗೇಟು ದಾಟಿಸುವ ಗಡಿಬಿಡಿಯಲ್ಲಿ ಕೇಳಿದ ಮಾತು ಸ್ಟಾಫ್ ರೂಂ ತಲುಪುವಷ್ಟರಲ್ಲಿ ಮರೆತು ಹೋಗುತ್ತಿತ್ತು. ಕೊನೆಗೆ ಒಂದು ಪುಟದ ಪತ್ರ ಬರೆದೆ. ಆ ತೂತು ಬಿದ್ದ ಹಾಳೆಯ ಜೆರಾಕ್ಸ್ ಲಗತ್ತಿಸಿದೆ. ಒಂಬತ್ತನೇ ದಿನ ಮೀಟಿಂಗ್‌ಗೆ ಕರೆ ಬಂತು.

ಅವತ್ತಿನಿಂದ ನನ್ನ ಅಳತೆಗೋಲು ಒಂದೇ: ಈ ದಾರಿ ಮಗುವಿನ ಶಾಲಾ ದಿನಗಳಲ್ಲಿ ಎಷ್ಟನ್ನು ತಿನ್ನುತ್ತದೆ? ದುಡ್ಡಿನ ಲೆಕ್ಕ ಆಮೇಲೆ. ಭಾರತದ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು, 6ರಿಂದ 8ಕ್ಕೆ 220 ದಿನ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ 180ರ ಆಸುಪಾಸು. ಇಂಗ್ಲೆಂಡಿನಲ್ಲಿ 190. ನಾನು "ನೋಡೋಣ" ಕೇಳುತ್ತಾ ಕಳೆದದ್ದು ಅವಳ ಆ ವರ್ಷದ ಹೆಚ್ಚುಕಡಿಮೆ ಮೂರನೇ ಒಂದು ಭಾಗ.

ಇನ್ನೊಂದು ಪ್ರಶ್ನೆಯೂ ಇದೆ. ಈ ದಾರಿ ಕೈಕೊಟ್ಟರೆ, ಮುಂದಿನ ಹೆಜ್ಜೆಗೆ ನನ್ನ ಕೈಯಲ್ಲಿ ಏನು ಉಳಿದಿರುತ್ತದೆ? ಈ ಎರಡು ಪ್ರಶ್ನೆ ಇಟ್ಟುಕೊಂಡೇ ಕೆಳಗಿನ ದಾರಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದ್ದೇನೆ. ಓದುವವರು ಬೇರೆ ಬೇರೆ ದೇಶಗಳಲ್ಲಿ ಇರುತ್ತೀರಿ. ಹಾಗಾಗಿ ಭಾರತ, ಅಮೆರಿಕ, ಇಂಗ್ಲೆಂಡ್ ಮೂರರ ನಿಯಮಗಳನ್ನೂ ತೆಗೆದುಕೊಂಡಿದ್ದೇನೆ.

ಮೊದಲು, ಕೇಳಬೇಕಾದ್ದು ಯಾವುದು?

ಶಾಲೆಯಿಂದ ಕೇಳುವ ನೆರವು ಎರಡು ಥರ. ಇವೆರಡನ್ನೂ ಕಲಸುಮೇಲೋಗರ ಮಾಡಿಕೊಂಡರೆ ಮೀಟಿಂಗ್‌ನಲ್ಲಿ ನಾವೇ ಗೊಂದಲಕ್ಕೆ ಬೀಳುತ್ತೇವೆ.

ಒಂದು, ಅನುಕೂಲ. ಪಾಠ ಎಲ್ಲರದೇ, ಮಗುವಿಗೆ ತಲುಪಿಸುವ ರೀತಿ ಮಾತ್ರ ಬೇರೆ. ಮುಂದಿನ ಬೆಂಚು, ಪ್ರಿಂಟ್ ಮಾಡಿದ ನೋಟ್ಸ್, ಪರೀಕ್ಷೆಯಲ್ಲಿ ಹೆಚ್ಚು ಸಮಯ, ಉತ್ತರ ಬರೆದುಕೊಡಲು ಸ್ಕ್ರೈಬ್, ಗಾಲಿಕುರ್ಚಿ ಹೋಗುವಂಥ ಇಳಿಜಾರು. ಇನ್ನೊಂದು, ವಿಶೇಷ ಪಾಠ. ತರಬೇತಿ ಪಡೆದ ವಿಶೇಷ ಶಿಕ್ಷಕರು ಮಗುವಿಗೆ ಬೇರೆಯೇ ವಿಧಾನದಲ್ಲಿ, ವಾರಕ್ಕೆ ಇಂತಿಷ್ಟು ಗಂಟೆ ಅಂತ ಕಲಿಸುವುದು. ಸ್ಪೀಚ್ ಥೆರಪಿ (ಮಾತಿನ ತರಬೇತಿ), ಆಕ್ಯುಪೇಶನಲ್ ಥೆರಪಿ (ಪೆನ್ಸಿಲ್ ಹಿಡಿಯುವಂಥ ದಿನನಿತ್ಯದ ಕೆಲಸಗಳ ತರಬೇತಿ) ಇದರ ಜೊತೆಗೇ ಬರುತ್ತವೆ.

ಅನುಕೂಲ ಕೇಳುವುದು ಸುಲಭ. ಶಾಲೆಗೂ ಅದರಿಂದ ದೊಡ್ಡ ಖರ್ಚಿಲ್ಲ, ಬೇಗ ಒಪ್ಪುತ್ತಾರೆ. ಅದಕ್ಕೇ ಎಷ್ಟೋ ಕಡೆ ವಿಶೇಷ ಪಾಠ ಬೇಕಾದ ಮಗುವಿಗೂ ಅನುಕೂಲ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಓದಲು ಬರುತ್ತದೆ ಆದರೆ ನಿಧಾನ ಅಂತಾದರೆ ಹೆಚ್ಚು ಸಮಯ ಕೊಡಿಸಿ, ಸಾಕು. ಓದಲು ಬರುವುದೇ ಇಲ್ಲ ಅನ್ನುವ ಮಗುವಿಗೆ ಒಂದು ಗಂಟೆ ಜಾಸ್ತಿ ಕೊಟ್ಟರೆ ಅದು ಒಂದು ಗಂಟೆ ಜಾಸ್ತಿ ಸುಮ್ನೆ ಕೂರುತ್ತದೆ, ಅಷ್ಟೇ.

ಅಮೆರಿಕದಲ್ಲಿ ಈ ಎರಡಕ್ಕೆ ಎರಡು ಕಾಯ್ದೆಗಳಿವೆ. 1973ರ ಪುನರ್ವಸತಿ ಕಾಯ್ದೆಯ 504ನೇ ಕಲಂ ಪ್ರಕಾರ ಮಾಡುವ ಯೋಜನೆಯಲ್ಲಿ ಹೆಚ್ಚಾಗಿ ಇರುವುದು ಅನುಕೂಲಗಳೇ. 1975ರಲ್ಲಿ ಬಂದು, 1990ರಲ್ಲಿ ಐಡಿಇಎ ಅಂತ ಹೆಸರು ಬದಲಾದ, ವೈಕಲ್ಯ ಇರುವವರ ಶಿಕ್ಷಣದ ಕಾಯ್ದೆಯ ಕೆಳಗೆ ಮಗುವಿಗೊಂದು ಐಇಪಿ, ಅಂದರೆ ಆ ಮಗುವಿಗೆಂದೇ ಬರೆದ ಶಿಕ್ಷಣ ಯೋಜನೆ ಸಿಗುತ್ತದೆ. ಅದರಲ್ಲಿ ವರ್ಷದ ಗುರಿಗಳಿರುತ್ತವೆ, ಯಾವ ಸೇವೆ ಎಷ್ಟು ಹೊತ್ತು ಅನ್ನುವುದಿರುತ್ತದೆ. "504 ಸಾಕು, ಐಇಪಿ ಯಾಕೆ?" ಅಂತ ಶಾಲೆ ಕೇಳಿದರೆ ಮೇಲಿನ ಒಂದು ಗಂಟೆಯ ಲೆಕ್ಕವನ್ನು ನೆನಪು ಮಾಡಿಕೊಳ್ಳಿ.

ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 21 ಬಗೆಯ ವೈಕಲ್ಯ ಅದರೊಳಗೆ ಬರುತ್ತದೆ. ಆಟಿಸಂ ಮತ್ತು ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆಗಳೂ ಇವೆ. ಇಲ್ಲಿ ಪೋಷಕರು ಎಡವುವುದು ಒಂದೇ ಜಾಗದಲ್ಲಿ. "40 ಪರ್ಸೆಂಟ್ ಸರ್ಟಿಫಿಕೇಟ್ ತನ್ನಿ, ಆಮೇಲೆ ನೋಡೋಣ" ಅನ್ನುತ್ತಾರೆ, ಅಂದರೆ ವೈಕಲ್ಯ ಕನಿಷ್ಠ 40 ಪರ್ಸೆಂಟ್ ಇದೆ ಅನ್ನುವ ಪ್ರಮಾಣಪತ್ರ. 40 ಪರ್ಸೆಂಟ್ ಬೇಕಾಗುವುದು 31ನೇ ಕಲಂಗೆ. 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ, ಬೇಕಾದರೆ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಪಡೆಯುವ ಹಕ್ಕು ಅದು. ಶಾಲೆ ಮಾಡಬೇಕಾದ ಕೆಲಸಗಳು ಇರುವುದು 16ನೇ ಕಲಂನಲ್ಲಿ. ಬೇರೆ ಮಕ್ಕಳ ಜೊತೆಯಲ್ಲೇ ಕಲಿಸುವುದು, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವುದು, ಕಲಿಕೆಯ ತೊಂದರೆಯನ್ನು ಆದಷ್ಟು ಬೇಗ ಗುರುತಿಸಿ ಕ್ರಮ ತೆಗೆದುಕೊಳ್ಳುವುದು, ಪ್ರಗತಿಯನ್ನು ಗಮನಿಸುತ್ತಾ ಇರುವುದು. ಅಲ್ಲಿ 40ರ ಮಾತೇ ಇಲ್ಲ. ಸರ್ಕಾರದ ಶಾಲೆಗೆ ಮಾತ್ರ ಅಲ್ಲ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಅದು ಅನ್ವಯ.

ಇಂಗ್ಲೆಂಡಿನಲ್ಲಿ ಮೊದಲು ಶಾಲೆಯ ಮಟ್ಟದ ಬೆಂಬಲ. ಅದು ಸಾಲದು ಅಂತಾದರೆ 2014ರ ಕಾಯ್ದೆಯ ಕೆಳಗೆ ಇಎಚ್‌ಸಿ ಯೋಜನೆ, ಅಂದರೆ ಶಿಕ್ಷಣ, ಆರೋಗ್ಯ, ಆರೈಕೆ ಮೂರನ್ನೂ ಸೇರಿಸಿ ಬರೆಯುವ ಯೋಜನೆ. ಮೊದಲನೆಯದು ಶಾಲೆಯ ಕೈಯಲ್ಲಿ, ಎರಡನೆಯದು ಸ್ಥಳೀಯ ಆಡಳಿತದ ಕೈಯಲ್ಲಿ. ಬೇರೆ ದೇಶದಲ್ಲಿ ಇದ್ದೀರಾ? ವಿಶ್ವಸಂಸ್ಥೆಯ 2006ರ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿಯಿಂದ ಶುರು ಮಾಡಿ, ನಿಮ್ಮ ದೇಶದ ಕಾಯ್ದೆ ಹುಡುಕಿ.

ಬಾಯಿಮಾತೋ, ಪತ್ರವೋ?

ಬಾಯಿಮಾತಿನ ದೊಡ್ಡ ಲಾಭ, ಅದು ಇವತ್ತೇ ಆಗುತ್ತದೆ. ಒಳ್ಳೆಯ ಟೀಚರ್ ಆದರೆ ನಾಳೆಯಿಂದಲೇ ಮಗುವನ್ನು ಮುಂದೆ ಕೂರಿಸುತ್ತಾರೆ. ಯಾವ ಕಾಯ್ದೆಯೂ ಅಷ್ಟು ಬೇಗ ಕೆಲಸ ಮಾಡುವುದಿಲ್ಲ. ಸಣ್ಣ ವಿಷಯಕ್ಕೆಲ್ಲ ಪತ್ರ ಬರೆಯುತ್ತಾ ಹೋದರೆ ಟೀಚರ್‌ಗೆ ಬೇಸರ ಆಗುತ್ತದೆ. ಅವರು ನಮ್ಮ ಮಗುವಿನ ಜೊತೆ ದಿನಕ್ಕೆ ಐದಾರು ಗಂಟೆ ಇರುವವರು ಅನ್ನುವುದೂ ನೆನಪಿರಬೇಕು.

ಅದರ ತೊಂದರೆಯೂ ಅಷ್ಟೇ ದೊಡ್ಡದು. ಟೀಚರ್ ವರ್ಗವಾಗಿ ಹೋದರೆ ಮಾತು ಅವರ ಜೊತೆಗೇ ಹೋಗುತ್ತದೆ. ಆರು ತಿಂಗಳ ಮೇಲೆ ಪ್ರಿನ್ಸಿಪಾಲ್ "ನಮ್ಮ ಗಮನಕ್ಕೆ ಬಂದೇ ಇಲ್ಲ" ಅಂದರೆ ನಮ್ಮ ಹತ್ತಿರ ತೋರಿಸಲು ಏನೂ ಇರುವುದಿಲ್ಲ.

ಪತ್ರ ಗಡಿಯಾರ ಶುರು ಮಾಡುತ್ತದೆ. ಇಂಗ್ಲೆಂಡಿನಲ್ಲಿ ಮಗುವಿನ ಅಗತ್ಯಗಳ ಪರಿಶೀಲನೆ ಮಾಡಿ ಅಂತ ಸ್ಥಳೀಯ ಆಡಳಿತಕ್ಕೆ ಅರ್ಜಿ ಹಾಕಿದರೆ, ಮಾಡುತ್ತೇವೋ ಇಲ್ಲವೋ ಅಂತ 6 ವಾರದೊಳಗೆ ಹೇಳಬೇಕು. ಯೋಜನೆ ಕೊಡುವುದಾದರೆ ಒಟ್ಟು 20 ವಾರದೊಳಗೆ ಕೊಡಬೇಕು. ಅಮೆರಿಕದಲ್ಲಿ ನಾವು ಒಪ್ಪಿಗೆಗೆ ಸಹಿ ಹಾಕಿದ ಮೇಲೆ 60 ದಿನದೊಳಗೆ ಅಸೆಸ್‌ಮೆಂಟ್ (ಮಗುವಿನ ಕಷ್ಟ ಏನು ಅಂತ ತಜ್ಞರು ಮಾಡುವ ಪರೀಕ್ಷೆ) ಮುಗಿಯಬೇಕು, ರಾಜ್ಯದ್ದೇ ಬೇರೆ ಗಡುವಿದ್ದರೆ ಅದರೊಳಗೆ. ಮಗು ಅರ್ಹ ಅಂತ ತೀರ್ಮಾನವಾದ ಮೇಲೆ 30 ದಿನದೊಳಗೆ ಐಇಪಿ ಮೀಟಿಂಗ್. ನಾವು ಕೇಳಿದ್ದನ್ನು ಶಾಲೆ ಕೊಡುವುದಿಲ್ಲ ಅಂತಾದರೆ, ಯಾಕೆ ಕೊಡುವುದಿಲ್ಲ ಅಂತ ಬರವಣಿಗೆಯಲ್ಲೇ ತಿಳಿಸಬೇಕು. ಭಾರತದ 16ನೇ ಕಲಂನಲ್ಲಿ ಶಾಲೆಗೆ ದಿನಗಳ ಗಡುವು ಇಲ್ಲ. ಹಾಗಾಗಿ ಗಡುವನ್ನು ನಾವೇ ಪತ್ರದಲ್ಲಿ ಬರೆಯಬೇಕು.

ಪತ್ರ ಅಂದ ಮಾತ್ರಕ್ಕೆ ಎಲ್ಲ ಪತ್ರವೂ ಒಂದೇ ಅಲ್ಲ. ನಾನು ಮೊದಲು ಬರೆದ ಕರಡು ಹೀಗಿತ್ತು: "ನನ್ನ ಮಗಳಿಗೆ ತರಗತಿಯಲ್ಲಿ ತುಂಬಾ ತೊಂದರೆಯಾಗುತ್ತಿದೆ. ಯಾರೂ ಗಮನ ಕೊಡುತ್ತಿಲ್ಲ. ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಿ." ಗೆಳತಿಯೊಬ್ಬಳು ಓದಿ ನಕ್ಕಳು. "ಸೂಕ್ತ ಕ್ರಮ ಅಂದ್ರೆ ಏನು ಅಂತ ನಿನಗೇ ಗೊತ್ತಿಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು?" ಅಂದಳು. ಕೊನೆಗೆ ಕೊಟ್ಟಿದ್ದು ಹೀಗಿತ್ತು:

"ಕಳೆದ ಎರಡು ವಾರದಲ್ಲಿ ಬೋರ್ಡ್ ನೋಡಿ ಬರೆಯುವ ಕೆಲಸ 11 ಸಲ ಇತ್ತು. ಅದರಲ್ಲಿ 9 ಸಲ ಮಗಳು ಅರ್ಧಕ್ಕೆ ನಿಲ್ಲಿಸಿದ್ದಾಳೆ. ಒಂದು ಹಾಳೆಯ ಪ್ರತಿ ಲಗತ್ತಿಸಿದ್ದೇನೆ. ಅವಳಿಗೆ ಡಿಸ್ಲೆಕ್ಸಿಯಾ ಇರುವ ವರದಿ ಶಾಲೆಯಲ್ಲಿದೆ. ನನ್ನ ಕೋರಿಕೆ ಮೂರು. ಬೋರ್ಡಿನ ನೋಟ್ಸ್‌ನ ಪ್ರಿಂಟ್ ಕೊಡಬೇಕು. ಜೋರಾಗಿ ಓದಲು ಎಲ್ಲರೆದುರು ಎಬ್ಬಿಸಬಾರದು. ವಿಶೇಷ ಶಿಕ್ಷಕರಿಂದ ವಾರಕ್ಕೆ ಎಷ್ಟು ಗಂಟೆ ಓದಿನ ಪಾಠ ಸಿಗಬಹುದು ಎಂದು ಮೀಟಿಂಗ್‌ನಲ್ಲಿ ತಿಳಿಸಬೇಕು. ಹತ್ತು ಶಾಲಾ ದಿನದೊಳಗೆ ಮೀಟಿಂಗ್‌ನ ದಿನಾಂಕ ತಿಳಿಸಿದರೆ ಉಪಕಾರವಾಗುತ್ತದೆ."

ಮೊದಲ ಪತ್ರಕ್ಕೆ "ಗಮನಿಸುತ್ತೇವೆ" ಅಂತ ಹಾರಿಕೆ ಉತ್ತರ ಕೊಟ್ಟು ಮುಗಿಸಬಹುದಿತ್ತು. ಎರಡನೆಯದಕ್ಕೆ ಹಾಗಾಗುವುದಿಲ್ಲ, ಅಲ್ವಾ? ಮೂರು ಕೋರಿಕೆಗೂ ಹೂಂ ಅಥವಾ ಉಹೂಂ ಅನ್ನಲೇಬೇಕು. ಕಾಗದ ಕೈಯಲ್ಲಿ ಕೊಟ್ಟರೆ ಎರಡನೇ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಇಮೇಲ್ ಆದರೆ ಕಳಿಸಿದ್ದೇ ಪುರಾವೆ. ವಾಟ್ಸಾಪ್ ಬೇಡ. ಆರು ತಿಂಗಳ ಮೇಲೆ ಅದರಲ್ಲಿ ಏನನ್ನಾದರೂ ಹುಡುಕಿ ನೋಡಿ, ಯಾಕೆ ಬೇಡ ಅಂದೆ ಅಂತ ಗೊತ್ತಾಗುತ್ತದೆ.

ನನಗೆ ಇಷ್ಟವಾದದ್ದು ಇವೆರಡರ ನಡುವಿನ ದಾರಿ. ಮಾತನ್ನು ಬಾಯಲ್ಲೇ ಆಡಿ. ಅದೇ ಸಂಜೆ ನಾಲ್ಕು ಸಾಲಿನ ಇಮೇಲ್ ಹಾಕಿ: "ಮಿಸ್, ಇವತ್ತು ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಸೋಮವಾರದಿಂದ ಪ್ರಿಂಟ್ ನೋಟ್ಸ್ ಕೊಡುತ್ತೇನೆ ಅಂದಿರಿ. ನಾನು ಸರಿಯಾಗಿ ಅರ್ಥ ಮಾಡಿಕೊಂಡಿಲ್ಲ ಅಂತಾದರೆ ತಿಳಿಸಿ." ಇದು ದೂರಿನ ಹಾಗೆ ಕೇಳುವುದಿಲ್ಲ, ಟೀಚರ್ ಮುಖ ಕೆಡುವುದಿಲ್ಲ, ಆದರೆ ದಾಖಲೆ ಆಯಿತು. ಒಂದು ದಿನವೂ ಹಾಳಾಗದ ದಾರಿ ಇದೊಂದೇ.

ಮೀಟಿಂಗ್‌ಗೆ ಒಬ್ಬರೇ ಹೋಗಬೇಕೋ, ಜೊತೆಗೆ ಯಾರನ್ನಾದರೂ ಕರೆದುಕೊಂಡೋ?

ಮೇಜಿನ ಆ ಕಡೆ ಪ್ರಿನ್ಸಿಪಾಲ್, ಕ್ಲಾಸ್ ಟೀಚರ್, ಕೌನ್ಸೆಲರ್, ಕೋಆರ್ಡಿನೇಟರ್. ಈ ಕಡೆ ನಾವು ಒಬ್ಬರೇ. ಅಲ್ಲಿ ಕೂತವರಿಗೆ ಇದು ವಾರದ ಎಷ್ಟನೆಯ ಮೀಟಿಂಗೋ, ನಮಗೆ ಮಾತ್ರ ಹಿಂದಿನ ರಾತ್ರಿ ನಿದ್ದೆ ಬಂದಿರುವುದಿಲ್ಲ. ಒಬ್ಬರೇ ಹೋದರೆ ಕೇಳಿಸಿಕೊಳ್ಳಬೇಕು, ಉತ್ತರ ಕೊಡಬೇಕು, ಬರೆದುಕೊಳ್ಳಬೇಕು, ಕಣ್ಣೀರು ಬರದ ಹಾಗೆ ನೋಡಿಕೊಳ್ಳಬೇಕು. ನಾಲ್ಕೂ ಒಟ್ಟಿಗೆ ಆಗುವ ಕೆಲಸ ಅಲ್ಲ.

ವಕೀಲರನ್ನು ಮೊದಲ ಮೀಟಿಂಗ್‌ಗೇ ಕರೆದುಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಅವರನ್ನು ನೋಡಿದ ತಕ್ಷಣ ಶಾಲೆಯವರು "ನಮ್ಮ ವಕೀಲರನ್ನು ಕೇಳಿ ಹೇಳುತ್ತೇವೆ" ಅಂತ ಬಾಯಿ ಮುಚ್ಚಿಕೊಳ್ಳುತ್ತಾರೆ. ವಾರಗಳು ಹೋಗುತ್ತವೆ. ಥೆರಪಿಸ್ಟ್ ಅಥವಾ ಅಸೆಸ್‌ಮೆಂಟ್ ಮಾಡಿದವರು ಬಂದರೆ ತುಂಬಾ ಒಳ್ಳೆಯದು, ಆದರೆ ಅವರ ಸಮಯ ಸಿಗುವುದು ಕಷ್ಟ. ಇದೇ ಹಾದಿಯಲ್ಲಿ ನಡೆದು ಬಂದ ಇನ್ನೊಬ್ಬ ತಾಯಿಯೋ ತಂದೆಯೋ ಸಿಕ್ಕರೆ ಅದು ಚಿನ್ನದಂಥ ಜೊತೆ. ಒಂದೇ ಷರತ್ತು, ಅವರು ತಮ್ಮ ಹಳೆಯ ಜಗಳವನ್ನು ಇಲ್ಲಿ ಮುಂದುವರಿಸಬಾರದು.

ನನ್ನ ಆಯ್ಕೆ ಇನ್ನೂ ಸರಳ. ಮಾತಾಡದೆ ಬರೆದುಕೊಳ್ಳುವ ಒಬ್ಬರು. ಗಂಡ, ತಂಗಿ, ಸ್ನೇಹಿತೆ ಯಾರಾದರೂ ಸರಿ. ಯಾರು ಏನು ಮಾಡುತ್ತೇನೆ ಅಂದರು, ಯಾವತ್ತಿನೊಳಗೆ ಅಂದರು, ಅಷ್ಟೇ ಬರೆದುಕೊಂಡರೆ ಸಾಕು. ಎದುರಿಗೆ ಒಬ್ಬರು ಬರೆದುಕೊಳ್ಳುತ್ತಿದ್ದಾರೆ ಅಂದರೆ ಮಾತಾಡುವವರ ಧಾಟಿಯೇ ಬದಲಾಗುತ್ತದೆ. ಅಮೆರಿಕದ ಕಾಯ್ದೆಯಲ್ಲಂತೂ ಮಗುವಿನ ಬಗ್ಗೆ ತಿಳಿದವರನ್ನು ಐಇಪಿ ಮೀಟಿಂಗ್‌ಗೆ ಕರೆದುಕೊಂಡು ಹೋಗುವ ಹಕ್ಕು ಪೋಷಕರಿಗೆ ಬರೆದೇ ಕೊಟ್ಟಿದ್ದಾರೆ.

ಅಲ್ಲೇ ಕೂತು ಸಹಿ ಹಾಕಬೇಡಿ. "ಮನೆಗೆ ಹೋಗಿ ಓದಿ ಕಳಿಸುತ್ತೇನೆ" ಅನ್ನಿ. ಓದುವಾಗ ಮೊದಲು ನೋಡಬೇಕಾದ್ದು ಗುರಿಗಳನ್ನು. ಕಳೆದ ವರ್ಷದ ಗುರಿಯನ್ನೇ ಈ ವರ್ಷಕ್ಕೂ ಕಾಪಿ ಮಾಡಿದ್ದಾರಾ? ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದ ಎಂಡ್ರೂ ಎಫ್. ಪ್ರಕರಣದಲ್ಲಿ ಇದೇ ಆಗಿತ್ತು. ಆಟಿಸಂ ಇದ್ದ ಹುಡುಗನ ಯೋಜನೆಯಲ್ಲಿ ವರ್ಷದಿಂದ ವರ್ಷಕ್ಕೆ ಬಹುತೇಕ ಅದೇ ಗುರಿಗಳು. ಏನೋ ಒಂಚೂರು ಲಾಭವಾದರೆ ಸಾಕು ಅನ್ನುವ ವಾದವನ್ನು 2017ರಲ್ಲಿ ಕೋರ್ಟ್ ಒಮ್ಮತದಿಂದ ತಳ್ಳಿಹಾಕಿತು. ಆ ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿ ಆಗುವಂತೆ ಯೋಜನೆ ಇರಬೇಕು ಅಂತ ಹೇಳಿತು.

ಶಾಲೆಯ ಅಸೆಸ್‌ಮೆಂಟೋ, ಹೊರಗಿನದೋ?

ಇಲ್ಲಿ ಜಾಸ್ತಿ ಹೇಳುವುದಿಲ್ಲ. ಶಾಲೆ ಮಾಡಿಸಿದರೆ ಖರ್ಚಿಲ್ಲ, ಆ ವರದಿಯನ್ನು ಶಾಲೆ ತಳ್ಳಿಹಾಕುವುದೂ ಕಷ್ಟ. ಹೊರಗೆ ಮಾಡಿಸಿದರೆ ಬೇಗ ಆಗಬಹುದು, ಆಳವಾಗಿರಬಹುದು. ಶಾಲೆ ಅದನ್ನು ಪರಿಗಣಿಸುತ್ತದೆ ನಿಜ, ಹಾಗೇ ಒಪ್ಪಿಕೊಳ್ಳಬೇಕು ಅಂತೇನಿಲ್ಲ. ಅಮೆರಿಕದಲ್ಲಿ ಶಾಲೆಯ ಅಸೆಸ್‌ಮೆಂಟ್ ಸರಿ ಇಲ್ಲ ಅನಿಸಿದರೆ ಸಾರ್ವಜನಿಕ ಖರ್ಚಿನಲ್ಲೇ ಹೊರಗಿನವರಿಂದ ಮಾಡಿಸಿ ಅಂತ ಕೇಳಬಹುದು. ಆಗ ಶಾಲೆ ಒಂದೋ ಖರ್ಚು ಕೊಡಬೇಕು, ಇಲ್ಲ ತನ್ನದೇ ಸರಿ ಅಂತ ವಿಚಾರಣೆಯಲ್ಲಿ, ಅಂದರೆ ಎರಡೂ ಕಡೆ ಕೇಳಿ ತೀರ್ಪು ಕೊಡುವ ಅಧಿಕಾರಿಯ ಮುಂದೆ, ತೋರಿಸಬೇಕು.

ಭಾರತದಲ್ಲಿ ಒಂದು ಎಚ್ಚರ. ತರಗತಿಯ ಅನುಕೂಲಕ್ಕೆ ಖಾಸಗಿ ವರದಿ ನಡೆಯಬಹುದು, ಬೋರ್ಡ್ ಪರೀಕ್ಷೆಯ ಹೊತ್ತಿಗೆ ಆಯಾ ಬೋರ್ಡ್ ಒಪ್ಪುವ ಕಡೆಯಿಂದಲೇ ಸರ್ಟಿಫಿಕೇಟ್ ಬೇಕು. ಸಿಬಿಎಸ್‌ಇಯಲ್ಲಿ 3 ಗಂಟೆಯ ಪೇಪರಿಗೆ 60 ನಿಮಿಷ ಹೆಚ್ಚುವರಿ ಸಿಗುತ್ತದೆ, ಅದಕ್ಕೆ ಕಾಗದ ಸರಿ ಇರಬೇಕು. ಹತ್ತನೇ ತರಗತಿಗೆ ಬಂದ ಮೇಲೆ ಓಡಾಡಬೇಡಿ. ಎಲ್ಲಿ ಮಾಡಿಸಿದರೂ "ತರಗತಿಯಲ್ಲಿ ಏನು ಮಾಡಬೇಕು ಅಂತ ಕೊನೇ ಪುಟದಲ್ಲಿ ಬರೆದುಕೊಡಿ" ಅಂತ ಕೇಳಿ. ಬರೀ ಅಂಕಿಗಳಿರುವ ಇಪ್ಪತ್ತು ಪುಟ ಟೀಚರ್‌ಗೆ ಉಪಯೋಗಕ್ಕೆ ಬರುವುದಿಲ್ಲ.

ಕಾಯುವುದನ್ನು ನಿಲ್ಲಿಸುವುದು ಯಾವಾಗ?

ಮಾರ್ಕ್ಸ್ ಕಾರ್ಡ್ ನೋಡಿಕೊಂಡು ಕಾಯಬೇಡಿ. ಅಮೆರಿಕದ ಮಿಷಿಗನ್ ರಾಜ್ಯದ ಮಿಗೆಲ್ ಪೆರೆಸ್ ಪ್ರಕರಣ ನೋಡಿ. ಕಿವಿ ಕೇಳದ ಹುಡುಗ. 9ನೇ ವಯಸ್ಸಿನಿಂದ 20ರವರೆಗೆ ಅಲ್ಲಿನ ಶಾಲೆಗಳಲ್ಲಿ ಓದಿದ. ಅವನಿಗೆ ಸಹಾಯಕ್ಕೆ ಅಂತ ಇಟ್ಟವರಿಗೆ ಸರಿಯಾಗಿ ಸಂಜ್ಞಾ ಭಾಷೆಯೇ ಬರುತ್ತಿರಲಿಲ್ಲ ಅಂತ ದೂರು. ಆದರೂ ಗ್ರೇಡ್ ಬರುತ್ತಿತ್ತು, ವರ್ಷ ವರ್ಷ ಪಾಸ್ ಆಗುತ್ತಿದ್ದ. ಓದು ಮುಗಿಯಲು ಕೆಲವೇ ತಿಂಗಳಿದ್ದಾಗ ಡಿಪ್ಲೊಮಾ ಕೊಡುವುದಿಲ್ಲ ಅಂದರು. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿ, ಪರಿಹಾರದ ಹಣ ಕೇಳಿ ಇನ್ನೊಂದು ಕಾಯ್ದೆಯ ಕೆಳಗೆ ದಾವೆ ಹೂಡಬಹುದು ಅಂತ 2023ರಲ್ಲಿ ಒಮ್ಮತದ ತೀರ್ಪು ಬಂತು. ಅಷ್ಟರಲ್ಲಿ ಅವನ ಶಾಲೆಯ ದಿನಗಳು ಮುಗಿದು ವರ್ಷಗಳೇ ಆಗಿದ್ದವು.

ನನ್ನ ಲೆಕ್ಕ ಹೀಗೆ. ಮೀಟಿಂಗ್‌ನಲ್ಲಿ ಒಪ್ಪಿದ ಕೆಲಸ 20 ಶಾಲಾ ದಿನದಲ್ಲಿ ಶುರುವಾಗದಿದ್ದರೆ ಒಂದು ಜ್ಞಾಪನ ಪತ್ರ. ಅದರ ಮೇಲೆ 10 ದಿನ ಕಳೆದರೂ ಏನೂ ಇಲ್ಲವೆಂದರೆ ಶಾಲೆಯ ಹೊರಗೆ ಹೋಗುವುದು. ಇದು ಯಾವ ಕಾಯ್ದೆಯಲ್ಲೂ ಇಲ್ಲ, ನಾನೇ ಹಾಕಿಕೊಂಡ ಗೆರೆ. ನಿಮ್ಮದು ಬೇರೆ ಇರಬಹುದು. ಆದರೆ ಗೆರೆ ಮೊದಲೇ ಹಾಕಿಕೊಂಡಿರಿ, ಕೋಪ ಬಂದ ದಿನ ಅಲ್ಲ.

ಸಂಧಾನ, ದೂರು, ವಿಚಾರಣೆ

ಶಾಲೆಯ ಹೊರಗೆ ಮೂರು ಬಾಗಿಲು. ಯಾವುದನ್ನು ತಟ್ಟಬೇಕು ಅನ್ನುವುದಕ್ಕೆ ಒಂದು ಪ್ರಶ್ನೆ ಸಾಕು. ಬರೆದುಕೊಟ್ಟದ್ದನ್ನು ಶಾಲೆ ಮಾಡುತ್ತಿಲ್ಲವೋ, ಅಥವಾ ಬರೆದದ್ದೇ ಸರಿ ಇಲ್ಲವೋ?

ವಾರಕ್ಕೆ 3 ಗಂಟೆ ಸ್ಪೀಚ್ ಥೆರಪಿ ಅಂತ ಯೋಜನೆಯಲ್ಲಿದೆ, ಎರಡು ತಿಂಗಳಿಂದ ಆಗಿಲ್ಲ ಅನ್ನೋಣ. ಇದಕ್ಕೆ ದೂರು ಸರಿ. ಅಭಿಪ್ರಾಯದ ಜಗಳ ಇಲ್ಲ, ಕಾಗದ ತೋರಿಸಿದರೆ ಮುಗಿಯಿತು. ಅಮೆರಿಕದಲ್ಲಿ ರಾಜ್ಯದ ಶಿಕ್ಷಣ ಇಲಾಖೆಗೆ ಬರೆದು ದೂರು ಕೊಟ್ಟರೆ ಸಾಮಾನ್ಯವಾಗಿ 60 ದಿನದೊಳಗೆ ತೀರ್ಮಾನ ಕೊಡಬೇಕು. ಆದದ್ದು ಕಳೆದ ಒಂದು ವರ್ಷದೊಳಗೆ ಇರಬೇಕು. ವಕೀಲರು ಬೇಕಿಲ್ಲ.

ಶಾಲೆ 3 ಗಂಟೆ ಸಾಕು ಅನ್ನುತ್ತದೆ, ನೀವು 6 ಬೇಕು ಅನ್ನುತ್ತೀರಿ. ಇದು ಅಭಿಪ್ರಾಯದ ಜಗಳ. ಇದಕ್ಕೆ ಮೊದಲು ಸಂಧಾನ. ಅಮೆರಿಕದಲ್ಲಿ ಅದು ಎರಡೂ ಕಡೆಯವರು ಒಪ್ಪಿದರೆ ಮಾತ್ರ, ಖರ್ಚು ಸರ್ಕಾರದ್ದು, ಅಲ್ಲಿ ಆಡಿದ ಮಾತನ್ನು ಆಮೇಲೆ ಪುರಾವೆಯಾಗಿ ಬಳಸುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ ನ್ಯಾಯಮಂಡಳಿಗೆ ಹೋಗುವ ಮೊದಲು ಹೆಚ್ಚಿನ ಪ್ರಕರಣಗಳಲ್ಲಿ ಸಂಧಾನದ ಬಗ್ಗೆ ವಿಚಾರಿಸಿದ್ದೇವೆ ಅಂತ ಪ್ರಮಾಣಪತ್ರ ಬೇಕು. ಸಂಧಾನಕ್ಕೆ ಕೂರಲೇಬೇಕು ಅಂತಿಲ್ಲ. ಮೇಲ್ಮನವಿಗೆ ಗಡುವು ತೀರ್ಮಾನ ಬಂದ 2 ತಿಂಗಳು, ಅಥವಾ ಪ್ರಮಾಣಪತ್ರ ಸಿಕ್ಕ 1 ತಿಂಗಳು, ಯಾವುದು ಆಮೇಲೆ ಬರುತ್ತದೋ ಅದು.

ಸಂಧಾನದ ಲಾಭ ಅಂದರೆ ಸೋತವರು ಅಂತ ಯಾರೂ ಇರುವುದಿಲ್ಲ. ಮರುದಿನ ಮಗುವನ್ನು ಅದೇ ಗೇಟಿನಲ್ಲಿ ಬಿಡಬೇಕಲ್ಲ, ಆಗ ಇದರ ಬೆಲೆ ಗೊತ್ತಾಗುತ್ತದೆ. ತೊಂದರೆ ಅಂದರೆ, ಕಾಲ ತಳ್ಳುವ ಮನಸ್ಸಿನ ಶಾಲೆಗೆ ಇದು ಇನ್ನೊಂದು "ನೋಡೋಣ". ಒಂದು ಸಲ ಕೂತು ನೋಡಿ. ಎರಡನೇ ಸಲಕ್ಕೆ ಮುಂದೂಡಿದರೆ ಎದ್ದು ಬನ್ನಿ.

ವಿಚಾರಣೆ ಕೊನೆಯ ಬಾಗಿಲು, ದುಬಾರಿ ಬಾಗಿಲು. ಅಮೆರಿಕದಲ್ಲಿ ನಾವು ವಿಚಾರಣೆ ಕೇಳಿದರೆ ಮೊದಲು 30 ದಿನ ರಾಜಿಗೆ ಅವಕಾಶ, ಆಮೇಲೆ 45 ದಿನದೊಳಗೆ ತೀರ್ಪು ಅಂತ ನಿಯಮ. ಗಡುವು ವಿಸ್ತರಿಸಲು ಅವಕಾಶ ಇದೆ, ಹಾಗಾಗಿ ಇನ್ನೂ ಎಳೆಯಬಹುದು. ಬರೀ 75 ದಿನ ಅಂದುಕೊಂಡರೂ ಅದು ಸುಮಾರು 50 ಶಾಲಾ ದಿನ. ವಿಚಾರಣೆ ಕೇಳಿದವರೇ ತಮ್ಮ ಮಾತು ಸಾಬೀತು ಮಾಡಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟಿನ 2005ರ ಶಾಫರ್ ತೀರ್ಪು ಹೇಳುತ್ತದೆ. ಕೆಲವು ರಾಜ್ಯಗಳು ಮಾತ್ರ ಆ ಹೊರೆಯನ್ನು ಶಾಲೆಯ ಮೇಲೆ ಹಾಕಿವೆ. ಗೆದ್ದರೆ ವಕೀಲರ ಫೀಸು ವಾಪಸ್ ಸಿಗಬಹುದು. ಸಾಕ್ಷಿಗೆ ಕರೆಸಿದ ತಜ್ಞರ ಫೀಸು ಸಿಗುವುದಿಲ್ಲ, ಅದು 2006ರ ಮರ್ಫಿ ತೀರ್ಪು. ಹಾಗಿದ್ದೂ ಒಂದು ದೊಡ್ಡ ರಕ್ಷಣೆ ಇದೆ. ಜಗಳ ಮುಗಿಯುವವರೆಗೆ ಮಗು ಈಗ ಇರುವ ವ್ಯವಸ್ಥೆಯಲ್ಲೇ ಮುಂದುವರಿಯುತ್ತದೆ. ಸಾಮಾನ್ಯವಾಗಿ ಶಾಲೆ ಅದನ್ನು ಕಿತ್ತುಕೊಳ್ಳುವ ಹಾಗಿಲ್ಲ. ಸಿಗುತ್ತಿರುವ ನೆರವನ್ನು ನಿಲ್ಲಿಸಲು ಹೊರಟಿದ್ದಾರೆ ಅಂತಾದರೆ ಈ ಒಂದು ಕಾರಣಕ್ಕೆ ವಿಚಾರಣೆಯ ಬಾಗಿಲನ್ನೇ ಮೊದಲು ತಟ್ಟಬೇಕಾಗಬಹುದು. ಹೊಸ ನೆರವು ಬೇಕು ಅನ್ನುವವರಿಗೆ ಇದರಿಂದ ಲಾಭವಿಲ್ಲ, ಅವರು ಹಳೆಯದರಲ್ಲೇ ಕಾಯುತ್ತಿರುತ್ತಾರೆ.

ಭಾರತದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಗಳ ಜೊತೆಗೆ ಇನ್ನೂ ಒಂದು ಕಡೆ ಇದೆ, ರಾಜ್ಯ ವಿಕಲಚೇತನರ ಆಯುಕ್ತರು. ಅವರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ಕೋರ್ಟಿನ ಅಧಿಕಾರ ಇದೆ. ವಕೀಲರಿಲ್ಲದೆ ನಾವೇ ಅರ್ಜಿ ಕೊಡಬಹುದು. ಅವರು ಕೊಡುವುದು ಶಿಫಾರಸು. ಅದರ ಮೇಲೆ ಏನು ಕ್ರಮ ತೆಗೆದುಕೊಂಡೆವು ಅಂತ ಸಂಬಂಧಪಟ್ಟವರು 3 ತಿಂಗಳೊಳಗೆ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಶಿಫಾರಸು ತಾನೇ ಅಂತ ತಳ್ಳಿಹಾಕಬೇಡಿ. ಆಯುಕ್ತರ ಕಚೇರಿಯಿಂದ ನೋಟಿಸ್ ಬಂದ ವಾರವೇ ಶಾಲೆಗೆ ನಮ್ಮ ಫೈಲು ನೆನಪಾಗುವುದುಂಟು. ಹೈಕೋರ್ಟಿನ ರಿಟ್ ಅರ್ಜಿ ಅದರಾಚೆಯ ಮಾತು. ಪ್ರವೇಶವನ್ನೇ ನಿರಾಕರಿಸಿದರು, ಪರೀಕ್ಷೆ ಬರೆಯಲು ಬಿಡಲಿಲ್ಲ ಅನ್ನುವಂಥ, ದಿನ ಕಳೆದರೆ ಸರಿ ಮಾಡಲಾಗದ ವಿಷಯಕ್ಕೆ ಅದನ್ನು ಇಟ್ಟುಕೊಳ್ಳಿ. ಇನ್ನು "ವಿಶೇಷ ಶಿಕ್ಷಕರೇ ಇಲ್ಲ, ಏನು ಮಾಡೋಣ" ಅನ್ನುವ ಉತ್ತರ ಬಂದರೆ, ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಅನ್ನುವ ಅನುಪಾತವನ್ನು, ಸುಪ್ರೀಂ ಕೋರ್ಟಿನ 2021ರ ರಜನೀಶ್ ಕುಮಾರ್ ಪಾಂಡೆ ತೀರ್ಪಿನ ಮೇಲೆ ಕೇಂದ್ರ ಸರ್ಕಾರ 2022ರಲ್ಲಿ ಗೊತ್ತುಮಾಡಿದ್ದನ್ನು ಪತ್ರದಲ್ಲಿ ಬರೆಯಿರಿ.

ಶಾಲೆಯನ್ನೇ ಬದಲಿಸಿದರೆ?

ಇದು ಸೋಲು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಮಗು ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆನೋವು ಅಂತ ಮುದುಡಿಕೊಳ್ಳುತ್ತಿದೆ ಅಂದರೆ ಯಾವ ತೀರ್ಪಿಗೂ ಕಾಯುವುದು ಬೇಡ. ಆದರೆ ಹೊಸ ಶಾಲೆಯಲ್ಲೂ ಮೊದಲ ಪತ್ರದಿಂದಲೇ ಶುರು ಮಾಡಬೇಕು ಅನ್ನುವುದು ಗೊತ್ತಿರಲಿ. ಹಳೆಯ ಫೈಲು ಜೊತೆಗಿದ್ದರೆ ಅರ್ಧ ದಾರಿ ಕಳೆದ ಹಾಗೆ. ಅಮೆರಿಕದಲ್ಲಿ ಖಾಸಗಿ ಶಾಲೆಗೆ ಸೇರಿಸಿ ಫೀಸು ವಾಪಸ್ ಕೇಳುವ ಯೋಚನೆ ಇದ್ದರೆ, ಬಿಡಿಸುವ 10 ಕೆಲಸದ ದಿನ ಮೊದಲು ಬರವಣಿಗೆಯಲ್ಲಿ ತಿಳಿಸಬೇಕು, ಅಥವಾ ಕೊನೆಯ ಐಇಪಿ ಮೀಟಿಂಗ್‌ನಲ್ಲೇ ಹೇಳಿರಬೇಕು. ಇಲ್ಲದಿದ್ದರೆ ಆ ಹಣಕ್ಕೆ ಕತ್ತರಿ ಬೀಳಬಹುದು. ಆಮೇಲೂ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ.

ನಮಗೆ ಶಾಲೆ ಬದಲಿಸುವ ಪ್ರಸಂಗ ಬರಲಿಲ್ಲ. ಆ ಮೀಟಿಂಗ್‌ನಲ್ಲಿ ಮೂರರಲ್ಲಿ ಎರಡು ಕೋರಿಕೆ ಒಪ್ಪಿದರು. ವಿಶೇಷ ಶಿಕ್ಷಕರಿಗಾಗಿ ಇನ್ನೂ ಎರಡು ಪತ್ರ ಬೇಕಾದವು. ಪ್ರತಿ ವರ್ಷ ಟೀಚರ್ ಬದಲಾದಾಗ ಮತ್ತೆ ಮೊದಲಿನಿಂದ ಹೇಳುವುದು ತಪ್ಪಲಿ ಅಂತ ಈಗ ಒಂದೇ ಪುಟದ ಕಾಗದ ಮಾಡಿಟ್ಟಿದ್ದೇನೆ. ಮೇಲೆ ಅವಳಿಗೆ ಏನು ಚೆನ್ನಾಗಿ ಬರುತ್ತದೆ, ನಡುವೆ ಏನು ಕಷ್ಟ, ಕೆಳಗೆ ಶಾಲೆ ಈಗಾಗಲೇ ಒಪ್ಪಿರುವ ಅನುಕೂಲಗಳು, ಒಪ್ಪಿದ ದಿನಾಂಕದ ಸಮೇತ. ಈ ವರ್ಷದ ಹೊಸ ಮಿಸ್ ಅದನ್ನು ಗೇಟಿನ ಹತ್ತಿರವೇ ನಿಂತು ಪೂರ್ತಿ ಓದಿದರು. ಆಮೇಲೆ, "ಇದರದ್ದು ಇನ್ನೊಂದು ಕಾಪಿ ಇದೆಯಾ ಮೇಡಂ? ಸೈನ್ಸ್ ಸರ್‌ಗೂ ಕೊಡ್ತೀನಿ" ಅಂದರು.